ಪರದೇಶದ ಮನೆಗೆ ಅಜ್ಜಿಯ ಆಗಮನ

ಹೇಮಾವತಿ ತೀರದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಎಪ್ಪತ್ತು ದಾಟಿದ ಮೇಲೆ ಅಮೆರಿಕಕ್ಕೆ ಹೋಗಿ ಬಂದು 'ಅಮೆರಿಕಾದಲ್ಲಿ ಗೊರೂರು' ಎಂಬ ಪ್ರವಾಸ ಕಥನವನ್ನು ಬರೆದರು. ಆ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಅವರು ಹುಟ್ಟಿದ್ದು 1904ರ ಜುಲೈ 4ರಂದು. ಅಮೆರಿಕನ್ನರು ತಮ್ಮ ಸ್ವಾತಂತ್ರ್ಯೋತ್ಸವ ಆಚರಿಸುವುದೂ ಅದೇ ದಿನ. ಆ ಕಾಲಕ್ಕೆ ನಮ್ಮ ಜಿಲ್ಲೆಯ ಹಿರಿಯರೊಬ್ಬರು ಸಮುದ್ರದಾಚೆಗೆ ಹೋಗಿ ಬರುವುದೆಂದರೆ ಪುಸ್ತಕವಾಗಬಲ್ಲ ಸಂಗತಿಯಾಗಿತ್ತು. ಇಂದು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಕಡೆಯಿಂದ ಎಷ್ಟೋ ಮಂದಿ ತಾಯಂದಿರು ಪಾಸ್‌ಪೋರ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೆರಗಿನ ಮರೆಯಲ್ಲಿಟ್ಟುಕೊಂಡು ಮಗನ ಮನೆಗೋ ಮಗಳ ಮನೆಗೋ ಹೋಗಿ ಬರುತ್ತಾರೆ. ಅವರಾರೂ ಪುಸ್ತಕ ಬರೆಯುವುದಿಲ್ಲ. ಊರಿಗೆ ಮರಳಿದ ಮೇಲೆ ಯಾರಾದರೂ ವಿಚಾರಿಸಿದರೆ "ಚೆನ್ನಾಗಿದೆ, ಚಳಿ ಜಾಸ್ತಿ" ಎಂದು ಹೇಳಿ ಸುಮ್ಮನಾಗುತ್ತಾರೆ.

ನಾವು ಕೆನಡಾದ ಟೊರೊಂಟೊ ಬಳಿಯ ಮಿಸಿಸಾಗಾ ನಗರದಲ್ಲಿ ನೆಲೆಸಿರುವ ದಂಪತಿಗಳು. ಮಲ್ಲಿಪಟ್ಟಣ ಹೋಬಳಿಯ ಹಳ್ಳಿಯೊಂದರಿಂದ ಅಮ್ಮ 2024ರ ಮೇ ತಿಂಗಳ ಮೊದಲ ವಾರದಲ್ಲಿ ನಮ್ಮ ಮನೆಗೆ ಬಂದು, ಅಕ್ಟೋಬರ್ ಕೊನೆಯವರೆಗೆ ಇದ್ದು ಹೋದರು. ಅವರು ನಮ್ಮಿಬ್ಬರಲ್ಲಿ ಒಬ್ಬರಿಗೆ ತಾಯಿ, ಇನ್ನೊಬ್ಬರಿಗೆ ಅತ್ತೆ. ಯಾರಿಗೆ ಯಾವುದು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಓದುಗ ಬಂಧುಗಳು ಕೂಡಲೇ ಪಕ್ಷ ವಹಿಸಿಬಿಡುವ ಸಂಭವವಿದೆ.

ನಮ್ಮ ಮಗು ಹುಟ್ಟಿದ್ದು 2020ರಲ್ಲಿ. ಆ ವರ್ಷ ಮಾರ್ಚ್ ಕೊನೆಯಿಂದ ಭಾರತದ ಅಂತಾರಾಷ್ಟ್ರೀಯ ವಿಮಾನಗಳ ನಿಯಮಿತ ಸಂಚಾರ ನಿಂತುಹೋಗಿತ್ತು. ಅದು ಪುನಃ ಆರಂಭವಾದುದು 2022ರ ಮಾರ್ಚ್ 27ರಂದು. ಬಾಣಂತನಕ್ಕೆ ಯಾರೂ ಬರಲಾಗಲಿಲ್ಲ. ಬೆರಳೆಣಿಕೆಯ ಜನರ ಮುಂದೆ ನಡೆದ ಮಗುವಿನ ಜ್ಞಾನಸ್ನಾನವನ್ನು ಅಜ್ಜ ಅಜ್ಜಿಯರು ಫೋನಿನಲ್ಲೇ ನೋಡಿದರು. 2021ರ ಮೇ ತಿಂಗಳಿನಲ್ಲಿ ಅಪ್ಪ ತೀರಿಕೊಂಡರು. ಏಪ್ರಿಲ್ 22ರಿಂದ ಸೆಪ್ಟೆಂಬರ್ 26ರವರೆಗೆ ಭಾರತದಿಂದ ಕೆನಡಾಕ್ಕೆ ನೇರ ವಿಮಾನಗಳು ಬರುವಂತಿರಲಿಲ್ಲ. ಹೋದರೆ ಎಂದು ಹಿಂತಿರುಗುತ್ತೇವೆಂಬುದೇ ತಿಳಿಯದ ಆ ಸಮಯದಲ್ಲಿ ಅವರ ಅಂತ್ಯಸಂಸ್ಕಾರವನ್ನೂ ಫೋನಿನಲ್ಲೇ ಕಂಡೆವು. ಅಪ್ಪ ಮೊಮ್ಮಗುವನ್ನು ಎತ್ತಿಕೊಳ್ಳಲೇ ಇಲ್ಲ. 2022ರ ಕ್ರಿಸ್ತಜಯಂತಿಗೆ ಮೂರು ವಾರ ಊರಿಗೆ ಬಂದಾಗ ಅಮ್ಮನ ಮಡಿಲಿಗೆ ಮಗು ಮೊದಲ ಬಾರಿ ಹೋಯಿತು, ಹೋದಷ್ಟೇ ಬೇಗ ಅಳುತ್ತಾ ಹಿಂದಕ್ಕೆ ಬಂದಿತು. ಈ ಹಿನ್ನೆಲೆಯಲ್ಲಿ ಅಮ್ಮ ಇಲ್ಲಿಗೆ ಬರುವುದು ನಮಗೆ ಕೇವಲ ಪ್ರವಾಸದ ವಿಷಯವಾಗಿರಲಿಲ್ಲ.

ಕೆನಡಾದಲ್ಲಿ ತಂದೆತಾಯಿ ಮತ್ತು ಅಜ್ಜ ಅಜ್ಜಿಯರಿಗಾಗಿಯೇ 'ಸೂಪರ್ ವೀಸಾ' ಎಂಬ ವ್ಯವಸ್ಥೆಯಿದೆ. 2011ರ ಡಿಸೆಂಬರಿನಲ್ಲಿ ಆರಂಭವಾದಾಗ ಒಮ್ಮೆ ಬಂದವರು 2 ವರ್ಷ ಇರಬಹುದಾಗಿತ್ತು. 2022ರ ಜುಲೈಯಿಂದ ಅದನ್ನು 5 ವರ್ಷಕ್ಕೆ ಏರಿಸಿದರು. ಕರೆಸಿಕೊಳ್ಳುವ ಮಗ ಅಥವಾ ಮಗಳು ಅಲ್ಲಿನ ಪೌರರೋ ಕಾಯಂ ನಿವಾಸಿಗಳೋ ಆಗಿರಬೇಕು, ಕುಟುಂಬದ ಗಾತ್ರಕ್ಕೆ ತಕ್ಕ ಕನಿಷ್ಠ ಆದಾಯವನ್ನು ತೋರಿಸಬೇಕು, ಖರ್ಚು ತಮ್ಮದೆಂದು ಪತ್ರ ಬರೆದುಕೊಡಬೇಕು. ಬರುವವರು ನಿಗದಿತ ವೈದ್ಯರಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು. ಕನಿಷ್ಠ 1 ಲಕ್ಷ ಡಾಲರ್ ಮೊತ್ತದ, 1 ವರ್ಷ ಅವಧಿಯ ಆರೋಗ್ಯ ವಿಮೆ ಇರಲೇಬೇಕು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಾದರೆ ಸಂದರ್ಶಕರಿಗೆ ಸಾಮಾನ್ಯವಾಗಿ 6 ತಿಂಗಳ ವಾಸವಷ್ಟೇ ದೊರೆಯುತ್ತದೆ. ಗಲ್ಫ್ ರಾಷ್ಟ್ರಗಳ ಕಟ್ಟಳೆಗಳು ದೇಶದಿಂದ ದೇಶಕ್ಕೆ ಭಿನ್ನ, ವರ್ಷದಿಂದ ವರ್ಷಕ್ಕೂ ಭಿನ್ನ. ಅಲ್ಲಿರುವ ನಮ್ಮ ಬಂಧುಗಳು ಹಳೆಯ ಅನುಭವವನ್ನು ನೆಚ್ಚದೆ ಹೊಸದಾಗಿ ವಿಚಾರಿಸುವುದು ಲೇಸು.

ಕಾಗದಪತ್ರಗಳಲ್ಲಿ ನಮ್ಮ ಜನರನ್ನು ಹೆಚ್ಚು ಕಾಡುವುದು ಹೆಸರು. ಜ್ಞಾನಸ್ನಾನದ ದಾಖಲೆಯಲ್ಲಿ ಮರಿಯ, ಪಡಿತರ ಚೀಟಿಯಲ್ಲಿ ಮರಿಯಮ್ಮ, ಬ್ಯಾಂಕಿನಲ್ಲಿ ಮೇರಿ ಎಂದು ಒಬ್ಬರೇ ಮೂವರಾಗಿರುವುದು ನಮ್ಮ ಹಳ್ಳಿಗಳಲ್ಲಿ ಅಪರೂಪವೇನಲ್ಲ. ಊರಿನಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿಲ್ಲ. ವೀಸಾ ಅಧಿಕಾರಿಗೆ ಮಾತ್ರ ಅವರು ಮೂವರು ಬೇರೆ ಬೇರೆ ಹೆಂಗಸರು. ಪ್ರತಿ ಧರ್ಮಕೇಂದ್ರವೂ ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳನ್ನು ಇಡಬೇಕೆಂಬುದು ಧರ್ಮಸಭೆಯ ಕಾನೂನು. ಹಾಸನ ಜಿಲ್ಲೆಯೂ ಸೇರಿರುವ ಚಿಕ್ಕಮಗಳೂರು ಧರ್ಮಪ್ರಾಂತ್ಯ ರಚನೆಯಾದುದು 1963ರಲ್ಲಿ. ಅದಕ್ಕೆ ಮೊದಲು ಈ ಪ್ರದೇಶ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿತ್ತು. ಹಿರಿಯರ ದಾಖಲೆ ಹುಡುಕುವವರು ಇದನ್ನು ನೆನಪಿನಲ್ಲಿಟ್ಟರೆ ಓಡಾಟ ಸ್ವಲ್ಪ ಕಡಿಮೆಯಾದೀತು. ಎಲ್ಲ ಕಡೆಯೂ ಒಂದೇ ಹೆಸರು ಮಾಡಿಸುವ ಕೆಲಸವನ್ನು ಟಿಕೆಟ್ ಕೊಳ್ಳುವುದಕ್ಕೆ ಒಂದು ವರ್ಷ ಮೊದಲೇ ಆರಂಭಿಸುವುದು ಒಳ್ಳೆಯದು.

ಗಂಟು ಕಟ್ಟುವ ವಿಷಯದಲ್ಲಿ ಒಂದೇ ಮಾತು. ಕೊಬ್ಬರಿಯಿಲ್ಲದ ಅಡುಗೆ ನಮ್ಮ ಜಿಲ್ಲೆಯವರಿಗೆ ಅಡುಗೆಯೇ ಅಲ್ಲ. ಆದರೆ ಎಣ್ಣೆಯಂಶದಿಂದಾಗಿ ಬೆಂಕಿ ಹೊತ್ತಿಕೊಳ್ಳಬಹುದೆಂದು 2022ರ ಮಾರ್ಚ್‌ನಲ್ಲಿ ಭಾರತದ ವಿಮಾನ ಸುರಕ್ಷತಾ ಅಧಿಕಾರಿಗಳು ಒಣ ಕೊಬ್ಬರಿಯನ್ನು ವಿಮಾನದ ಸರಕಿನಲ್ಲಿ ಒಯ್ಯಬಾರದ ವಸ್ತುಗಳ ಪಟ್ಟಿಗೆ ಸೇರಿಸಿದರು. ಅರಸೀಕೆರೆಯ ಉಂಡೆ ಕೊಬ್ಬರಿ ನಮ್ಮ ಮನೆಗೆ ಬರಲಿಲ್ಲ. ರಾಗಿ ಹಿಟ್ಟು, ಹುರುಳಿ, ಒಣ ಮೆಣಸಿನಕಾಯಿ ಬಂದವು. ಇಳಿದ ಮೇಲೆ ತಿನಿಸುಗಳೇನಿದ್ದರೂ ಅಧಿಕಾರಿಗಳಿಗೆ ತಿಳಿಸಬೇಕು. ತಿಳಿಸದೆ ಸಿಕ್ಕಿಬಿದ್ದರೆ ದಂಡ. ಅಮ್ಮನ ಕಾಲು ಗಟ್ಟಿಯಾಗಿದ್ದರೂ ಗಾಲಿಕುರ್ಚಿ ಬೇಕೆಂದು ವಿಮಾನ ಸಂಸ್ಥೆಗೆ ಮೊದಲೇ ತಿಳಿಸಿದ್ದೆವು. ಫಲಕಗಳನ್ನು ಓದಲಾಗದವರಿಗೆ, ನಡುವೆ ವಿಮಾನ ಬದಲಿಸಬೇಕಾದವರಿಗೆ ಅದಕ್ಕಿಂತ ಉತ್ತಮ ಮಾರ್ಗದರ್ಶಿ ಇನ್ನೊಂದಿಲ್ಲ. "ನಾನೇನು ಕುಂಟಿಯೇ?" ಎಂದು ಅಮ್ಮ ಕೇಳಿದರು, ಆದರೂ ಕುಳಿತರು.

ಬಂದ ಮೊದಲ ವಾರ ರಾತ್ರಿ ಎರಡು ಗಂಟೆಗೆ ಎದ್ದು ಅಡುಗೆಮನೆಯಲ್ಲಿ ಕುಳಿತಿರುತ್ತಿದ್ದರು. ಬೇಸಿಗೆಯಲ್ಲಿ ಟೊರೊಂಟೊ ನಮ್ಮ ದೇಶಕ್ಕಿಂತ ಒಂಬತ್ತೂವರೆ ಗಂಟೆ ಹಿಂದಿರುತ್ತದೆ. ಕೈಗಡಿಯಾರದ ಮುಳ್ಳು ತಿರುಗಿಸಲು ಅವರು ಒಪ್ಪಲಿಲ್ಲ. ಹಸುವಿಗೆ ಹುಲ್ಲು ಹಾಕುವ ಹೊತ್ತು, ಡೇರಿಗೆ ಹಾಲು ಹಾಕುವ ಹೊತ್ತು, ಅರಕಲಗೂಡಿನ ಬಸ್ಸು ಬರುವ ಹೊತ್ತು ಎಲ್ಲವೂ ಆ ಗಡಿಯಾರದಲ್ಲಿದ್ದವು. ಇಲ್ಲಿಯ ಸಮಯ ಬೇಕಾದಾಗ ಒಲೆಯ ಮೇಲಿನ ಗಡಿಯಾರ ನೋಡುತ್ತಿದ್ದರು.

ಒಲೆಯೆಂದಾಗ ಒಗ್ಗರಣೆಯ ಪ್ರಸಂಗವನ್ನು ಹೇಳದಿರಲಾಗದು. ಇಲ್ಲಿನ ಮನೆಗಳ ಪ್ರತಿ ಅಂತಸ್ತಿನಲ್ಲೂ ಹೊಗೆ ಕಂಡರೆ ಕೂಗುವ ಯಂತ್ರವಿರಬೇಕೆಂಬುದು ಕಾನೂನು. ಅಮ್ಮನ ಮೊದಲ ಒಗ್ಗರಣೆಗೇ ಅದು ಕಿವಿ ಸೀಳುವಂತೆ ಕೂಗಿತು. ಅಂದಿನಿಂದ ಕಿಟಕಿ ತೆರೆದು, ಬೀಸುಯಂತ್ರ ಹಾಕಿ, ಮೂರೂವರೆ ವರ್ಷದ ಮಗುವನ್ನು ಕಾವಲಿಗೆ ನಿಲ್ಲಿಸಿದ ಮೇಲೆಯೇ ಸಾಸಿವೆ ಸಿಡಿಯತೊಡಗಿತು. ಕೈಯಲ್ಲಿ ಟವೆಲು ಹಿಡಿದು ಯಂತ್ರಕ್ಕೆ ಗಾಳಿ ಬೀಸುವುದು ಮಗುವಿನ ಹೊಣೆ. ಅಜ್ಜಿ ಮೊಮ್ಮಗುವಿನ ಸಖ್ಯ ಕುದುರಿದ್ದು ಈ ಕೆಲಸದಲ್ಲಿ ಎಂದು ನಮ್ಮ ಅಂದಾಜು.

ಮಾತಿನ ವಿಷಯವೇ ನಮಗೆ ಹೆಚ್ಚು ಚಿಂತೆಯಾಗಿತ್ತು. ನಾವಿಬ್ಬರೂ ಕನ್ನಡದಲ್ಲೇ ಮಾತನಾಡಿದರೂ ಮಗು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿತ್ತು. ನಮಗೆ ಇಂಗ್ಲಿಷ್ ಬರುತ್ತದೆಂಬ ಗುಟ್ಟು ಅದಕ್ಕೆ ತಿಳಿದಿದ್ದುದೇ ಕಾರಣ. ಅಮ್ಮನಿಗೆ ಇಂಗ್ಲಿಷ್ ಬಾರದು. ಹಾಲು ಬೇಕಾದರೆ ಹಾಲು ಎನ್ನಲೇಬೇಕು, ಬೇಡವಾದರೆ ಸಾಕು ಎನ್ನಲೇಬೇಕು. ಭಾಷೆ ಕಲಿಸುವ ಪುಸ್ತಕ, ಚಿತ್ರಪಟಗಳಿಗೆ ನಾವು ಮೂರು ವರ್ಷ ಹಣ ಸುರಿದಿದ್ದೆವು. ಇಂಗ್ಲಿಷ್ ಬಾರದ ಒಬ್ಬ ಮನುಷ್ಯರು ಮನೆಯಲ್ಲಿರುವುದಕ್ಕೆ ಅವು ಯಾವುವೂ ಸಮವಲ್ಲ. ಜೂನ್ ಮುಗಿಯುವಷ್ಟರಲ್ಲಿ ಮಗುವಿನ ಬಾಯಿಂದ ಬಂದುದು ನಮ್ಮ ಗ್ರಾಂಥಿಕ ಕನ್ನಡವಲ್ಲ, ಮಲ್ಲಿಪಟ್ಟಣದ ಸಂತೆಯ ಕನ್ನಡ. "ಸುಮ್ಕಿರಜ್ಜಿ", "ಬ್ಯಾಡ ಕಣಜ್ಜಿ" ಎಂಬ ಮಾತುಗಳು ಮನೆಯಲ್ಲಿ ಮೊಳಗಿದವು. ಶಿಶುವಿಹಾರದ ಶಿಕ್ಷಕಿಯೊಬ್ಬರು 'ಸುಮ್ಕಿರು' ಎಂದರೇನೆಂದು ನಮ್ಮನ್ನು ವಿಚಾರಿಸಿದಾಗ ಅದು ಪ್ರೀತಿಯ ಪದವೆಂದು ಹೇಳಿ ಪಾರಾದೆವು.

ಪರಲೋಕ ಮಂತ್ರವನ್ನೂ ನಮೋ ಮರಿಯವನ್ನೂ ಮಗು ಕನ್ನಡದಲ್ಲಿ ಕಲಿತದ್ದು ಅಮ್ಮನಿಂದಲೇ. ಇದೇನೂ ಹೊಸ ವಿಷಯವಲ್ಲ. ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ ಅವನ ಅಜ್ಜಿ ಲೋವಿಯ ವಿಶ್ವಾಸವನ್ನು ಹೆಸರು ಹಿಡಿದು ಸ್ಮರಿಸಿದ್ದಾರೆ. ಪೋಪ್ ಫ್ರಾನ್ಸಿಸರಿಗೆ ಪ್ರಾರ್ಥನೆ ಕಲಿಸಿದವರು ಅವರ ತಂದೆಯ ತಾಯಿ ರೋಸಾ. ಆ ಕುಟುಂಬ ಇಟಲಿಯ ಪೀಡ್‌ಮಾಂಟ್ ಪ್ರಾಂತ್ಯದಿಂದ ಅರ್ಜೆಂಟೀನಾಕ್ಕೆ ವಲಸೆ ಬಂದುದು 1929ರಲ್ಲಿ. ಮೊದಲು ಅವರು ಹೊರಡಬೇಕೆಂದಿದ್ದ 'ಪ್ರಿನ್ಸಿಪೆಸ್ಸಾ ಮಫಾಲ್ಡಾ' ಹಡಗು 1927ರ ಅಕ್ಟೋಬರಿನಲ್ಲಿ ಬ್ರೆಜಿಲ್ ತೀರದ ಬಳಿ ಮುಳುಗಿಹೋಯಿತು. ಮನೆಮಾರು ಮಾರಾಟವಾಗುವುದು ತಡವಾದ್ದರಿಂದ ಇವರು ಉಳಿದರು. ಪರದೇಶದಲ್ಲಿ ಹುಟ್ಟಿದ ಆ ಹುಡುಗ ಅಜ್ಜ ಅಜ್ಜಿಯರ ಪೀಡ್‌ಮಾಂಟೀ ನುಡಿಯನ್ನು ಅವರಿಂದಲೇ ಕಲಿತ. ರೋಸಾ ಬರೆದ ಪತ್ರವೊಂದನ್ನು ಅವರು ತಮ್ಮ ಪ್ರಾರ್ಥನಾ ಪುಸ್ತಕದಲ್ಲಿ ಕಾಪಾಡಿಕೊಂಡು ಬಂದಿದ್ದರು. ಅಜ್ಜ ಅಜ್ಜಿಯರ ಮತ್ತು ಹಿರಿಯರ ವಿಶ್ವದಿನವನ್ನು 2021ರಲ್ಲಿ ಸ್ಥಾಪಿಸಿ, ಜುಲೈ ತಿಂಗಳ ನಾಲ್ಕನೆಯ ಭಾನುವಾರಕ್ಕೆ ಗೊತ್ತುಮಾಡಿದವರೂ ಅವರೇ. 2025ರ ಏಪ್ರಿಲ್ 21ರಂದು ಅವರು ದೈವಾಧೀನರಾದ ಸುದ್ದಿ ಬಂದಾಗ ಅಮ್ಮ ಊರಿನಿಂದ ಫೋನು ಮಾಡಿ ಕೇಳಿದ್ದು, "ಅಜ್ಜಿಯ ಕಾಗದ ಇಟ್ಟುಕೊಂಡಿದ್ದರಲ್ಲ, ಅದನ್ನು ಜೊತೆಗೆ ಇಟ್ಟರೇನು?" ಎಂದು.

ಇನ್ನು ಸ್ವಲ್ಪ ಕಹಿಯಾದ ವಿಷಯ. ಕೆನಡಾದಲ್ಲಿ ಚಿಕ್ಕ ಮಕ್ಕಳ ಪಾಲನೆ ದುಬಾರಿ. 2021ರಲ್ಲಿ ಒಕ್ಕೂಟ ಸರ್ಕಾರವು ದಿನಕ್ಕೆ ಸರಾಸರಿ 10 ಡಾಲರ್ ಶುಲ್ಕದ ಯೋಜನೆಯನ್ನು ಘೋಷಿಸಿದ ಮೇಲೆ ಹೊರೆ ಇಳಿಯತೊಡಗಿತಾದರೂ ಸ್ಥಳಕ್ಕಾಗಿ ಕಾಯುವವರ ಸಾಲು ಉದ್ದ. ಹೀಗಾಗಿ ಊರಿನಿಂದ ಅಜ್ಜಿಯನ್ನು ಕರೆಸುವುದೆಂದರೆ ಕೂಲಿಯಿಲ್ಲದ ದಾದಿಯನ್ನು ಕರೆಸುವುದು ಎಂಬ ಲೆಕ್ಕ ಅನೇಕ ಮನೆಗಳಲ್ಲಿದೆ. ಲೆಕ್ಕವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. ನಮ್ಮ ಬಡಾವಣೆಯ ಉದ್ಯಾನದಲ್ಲಿ ಸಂಜೆಯ ಹೊತ್ತು ಪಂಜಾಬ್, ಗುಜರಾತ್, ಆಂಧ್ರಗಳ ಅಜ್ಜಿಯರು ತಳ್ಳುಗಾಡಿಗಳೊಂದಿಗೆ ಕುಳಿತಿರುತ್ತಾರೆ. ತುಮಕೂರಿನ ಕಡೆಯ ತಾಯಿಯೊಬ್ಬರು ಅಮ್ಮನಿಗೆ ಅಲ್ಲಿ ಪರಿಚಯವಾದರು. ಬಂದು ಮೂರು ವರ್ಷವಾಗಿತ್ತಂತೆ. ಮೊದಲ ಮಗು ಶಾಲೆಗೆ ಸೇರಿದೊಡನೆ ಹೊರಡುವುದೆಂದಿತ್ತು. ಅಷ್ಟರಲ್ಲಿ ಎರಡನೆಯದು ಹುಟ್ಟಿತು. ಊರಿನಲ್ಲಿ ಅಕ್ಕ ತೀರಿಹೋದಾಗಲೂ ಹೋಗಲಾಗಲಿಲ್ಲ. ಮಗ ಸೊಸೆ ಒಳ್ಳೆಯವರೇ, ಊಟ ಬಟ್ಟೆಗೆ ಕೊರತೆಯಿಲ್ಲ ಎಂದು ಅವರು ಮತ್ತೆ ಮತ್ತೆ ಹೇಳಿದರಂತೆ. ಐದು ವರ್ಷದ ವೀಸಾ ಯಾರಿಗೆ ವರ, ಯಾರಿಗೆ ಬಂಧನ ಎಂಬುದನ್ನು ಕಾನೂನು ನಿರ್ಧರಿಸುವುದಿಲ್ಲ, ಮನೆ ನಿರ್ಧರಿಸುತ್ತದೆ. ವಯಸ್ಸಾದವರಿಗೆ ತಾವೇ ಹೋಗಿ ಬರಲು ಒಂದು ಬಸ್ಸಿನ ದಾರಿ, ಕೈಯಲ್ಲಿ ಸ್ವಲ್ಪ ಹಣ, ಮರಳುವ ಟಿಕೆಟ್ಟಿನ ತಾರೀಖು ಇವು ಮೂರೂ ಇದ್ದರೆ ಅವರು ಅತಿಥಿಗಳು. ಇಲ್ಲವಾದರೆ ಅವರನ್ನು ಏನೆಂದು ಕರೆಯಬೇಕೋ ನಮಗೆ ತಿಳಿಯದು.

ನಾವು ಶಿಶುವಿಹಾರದ ಸ್ಥಳವನ್ನು ಬಿಡಲಿಲ್ಲ. ಅಮ್ಮನ ಮೇಲೆ ಭಾರ ಹಾಕಬಾರದೆಂಬುದು ನಮ್ಮ ಉದ್ದೇಶ. ಅಮ್ಮನಿಗೆ ಇದು ನೋವಾಯಿತು. "ಆರು ಮಕ್ಕಳನ್ನು ಸಾಕಿದ್ದೇನೆ, ನನ್ನ ಮೇಲೆ ನಂಬಿಕೆ ಇಲ್ಲವೇ?" ಎಂದರು. ಭಾರ ಹಾಕುವುದೂ ಅವಮಾನ, ಹಾಕದಿರುವುದೂ ಅವಮಾನ ಎಂಬ ಈ ಸೂಕ್ಷ್ಮವನ್ನು ಯಾವ ಮಾರ್ಗದರ್ಶಿಯಲ್ಲೂ ಬರೆದಿಲ್ಲ. ಕೊನೆಗೆ ವಾರದಲ್ಲಿ ಎರಡು ದಿನ ಮಗು ಅಜ್ಜಿಯೊಂದಿಗೆ, ಮೂರು ದಿನ ಶಿಶುವಿಹಾರದಲ್ಲಿ ಎಂದು ಒಪ್ಪಂದವಾಯಿತು. ಆ ಎರಡು ದಿನಗಳಲ್ಲೇ ಮಗು ರಾಗಿಮುದ್ದೆಯನ್ನು ಜಗಿಯದೆ ನುಂಗಲು ಕಲಿಯಿತು.

ಆಗಸ್ಟಿನಲ್ಲಿ ಒಂದು ರಾತ್ರಿ ಅಮ್ಮನಿಗೆ ಎದೆಯಲ್ಲಿ ಸಂಕಟವಾಯಿತು. ವಿಚಾರಿಸಿದಾಗ ಅದು ಎರಡು ದಿನಗಳಿಂದ ಇತ್ತೆಂದು ತಿಳಿಯಿತು. ಈ ದೇಶದಲ್ಲಿ ವೈದ್ಯರಿಗೆ ಎಷ್ಟು ಡಾಲರ್ ಕೊಡಬೇಕೋ, ಮಕ್ಕಳಿಗೇಕೆ ಹೊರೆ ಎಂದು ಬಾಯಿ ಮುಚ್ಚಿಕೊಂಡಿದ್ದರು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಏಳು ಗಂಟೆ ಕಾದೆವು. ಹೃದಯಕ್ಕೆ ತೊಂದರೆಯಿರಲಿಲ್ಲ, ದೇವರ ದಯೆ. ಸಂದರ್ಶಕರಿಗೆ ಸರ್ಕಾರದ ಆರೋಗ್ಯ ಯೋಜನೆ ಅನ್ವಯಿಸದು. ಹಣವನ್ನು ಮೊದಲು ನಾವೇ ಕಟ್ಟಿ, ವಿಮೆಯವರೊಂದಿಗೆ ಎರಡು ತಿಂಗಳು ಪತ್ರವ್ಯವಹಾರ ನಡೆಸಿ ಹಿಂದಕ್ಕೆ ಪಡೆದೆವು. ರಕ್ತದೊತ್ತಡ, ಸಕ್ಕರೆ ಕಾಯಿಲೆಯಂಥವು ಮೊದಲೇ ಇದ್ದರೆ, ಕೆಲವು ತಿಂಗಳುಗಳಿಂದ ಔಷಧಿಯ ಪ್ರಮಾಣ ಬದಲಾಗದೆ ಸ್ಥಿರವಾಗಿದ್ದರಷ್ಟೇ ವಿಮೆ ನೆರವಿಗೆ ಬರುವುದು ಸಾಮಾನ್ಯ. ಆದ್ದರಿಂದ ಹೊರಡುವ ಮುನ್ನಾ ವಾರ ಊರಿನ ವೈದ್ಯರು ಮಾತ್ರೆ ಬದಲಿಸಿದರೆ ಅದನ್ನು ವಿಮೆಯವರಿಗೆ ತಿಳಿಸುವುದು ಅವಶ್ಯ. ಇನ್ನೊಂದು ಮಾತು: ವಿಮೆಯ ಹಣ ಆಗಲೇ ಕಟ್ಟಿಯಾಗಿದೆ, ನೋವು ಹೇಳಿದರೆ ಹೊಸ ಖರ್ಚಿನ ಹೆದರಿಕೆಯಿಲ್ಲ ಎಂಬುದನ್ನು ಹಿರಿಯರಿಗೆ ಬಂದ ದಿನವೇ ಮನದಟ್ಟು ಮಾಡಬೇಕು. ಬಡತನ ಕಂಡವರು ನೋವನ್ನು ಅಡಗಿಸುವುದರಲ್ಲಿ ನಿಪುಣರು.

ಜುಲೈಯಲ್ಲಿ ಕೈಗೊಂಡ ಪ್ರಯಾಣವನ್ನು ಇಲ್ಲಿ ತುಸು ವಿವರವಾಗಿ ಹೇಳಬೇಕು. ಅಮ್ಮನ ತವರು ಹೇಮಾವತಿಯ ಹಿನ್ನೀರಿನ ಕಡೆಯದು. ಗೊರೂರಿನ ಅಣೆಕಟ್ಟಿನಿಂದ ಊರುಗಳು ಮುಳುಗಿದ್ದನ್ನು, ಫ್ರೆಂಚ್ ಮಿಷನರಿಗಳು 19ನೆಯ ಶತಮಾನದಲ್ಲಿ ಕಟ್ಟಿದ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯ ನೀರಿನ ಪಾಲಾದುದನ್ನು ಅವರು ಕಂಡವರು. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುವ ಆ ದೇವಾಲಯದ ಕತೆಯನ್ನು ಮಗುವಿಗೆ ಮಲಗುವಾಗ ಹೇಳುತ್ತಿದ್ದರು. ಅಂದಿನಿಂದ ಒಂಟಾರಿಯೊ ಸರೋವರದ ದಡಕ್ಕೆ ಹೋದಾಗಲೆಲ್ಲ ಇದರೊಳಗೂ ದೇವಾಲಯವಿದೆಯೇ ಎಂಬುದು ಮಗುವಿನ ಪ್ರಶ್ನೆ. ಆ ಸರೋವರದಲ್ಲಿಲ್ಲ, ಆದರೆ ಅದರಿಂದ ಹೊರಡುವ ಸಂತ ಲಾರೆನ್ಸ್ ನದಿಯಲ್ಲಿ ಇದೆ ಎನ್ನಬಹುದು. ಹಡಗುಗಳ ಸಂಚಾರ ಮತ್ತು ವಿದ್ಯುತ್ತಿಗಾಗಿ ಅಲ್ಲಿ ಕಟ್ಟಿದ ಅಣೆಕಟ್ಟಿನಿಂದ 1958ರ ಜುಲೈ 1ರಂದು ಕಾರ್ನ್‌ವಾಲ್ ಪಟ್ಟಣದ ಬಳಿಯ ಹತ್ತು ಜನವಸತಿಗಳು ಮುಳುಗಿದವು. ಸುಮಾರು 6,500 ಮಂದಿ ಮನೆ ತೊರೆದರು. 'ಕಳೆದುಹೋದ ಹಳ್ಳಿಗಳು' ಎಂಬ ಹೆಸರಿನಲ್ಲಿ ಅಲ್ಲೊಂದು ವಸ್ತುಸಂಗ್ರಹಾಲಯವಿದೆ. ಮುಳುಗಡೆಗೆ ಮೊದಲು ಎತ್ತಿ ತಂದ ಕಟ್ಟಡಗಳನ್ನು, ಊರುಗಳ ಹಳೆಯ ಚಿತ್ರಗಳನ್ನು ಅಮ್ಮ ಬಹಳ ಹೊತ್ತು ನೋಡಿದರು. "ಪರಿಹಾರ ಎಷ್ಟು ಕೊಟ್ಟರಂತೆ?" ಎಂಬುದು ಅವರ ಮೊದಲ ಪ್ರಶ್ನೆ. "ಗೋರಿಗಳನ್ನು ಏನು ಮಾಡಿದರು?" ಎಂಬುದು ಎರಡನೆಯದು. ಕೆನಡಾಕ್ಕೆ ಬಂದ ಮೇಲೆ ಮೊದಲ ಬಾರಿಗೆ ಅಮ್ಮ ತಮಗೆ ನಮಗಿಂತ ಚೆನ್ನಾಗಿ ಗೊತ್ತಿರುವ ಒಂದು ಸ್ಥಳದಲ್ಲಿ ನಿಂತಿದ್ದರು.

ಅಲ್ಲಿಂದ ಮಾಂಟ್ರಿಯಲ್ಲಿನ ಸಂತ ಜೋಸೆಫರ ಪ್ರಾರ್ಥನಾಲಯಕ್ಕೆ ಹೋದೆವು. ಭಕ್ತರು ಮೊಣಕಾಲೂರಿ ಏರುವ 99 ಮರದ ಮೆಟ್ಟಿಲುಗಳು ಅಲ್ಲಿವೆ. ಅಮ್ಮ ಹತ್ತು ಏರಿ ಸಂತ ಜೋಸೆಫರ ಕ್ಷಮೆ ಕೇಳಿದರು. ಜುಲೈ 26ರಂದು, ಅಂದರೆ ಯೇಸುವಿನ ಅಜ್ಜ ಅಜ್ಜಿಯರಾದ ಸಂತ ಜೋವಾಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬದ ದಿನ, ಕ್ವಿಬೆಕ್ ನಗರದಿಂದ ಸುಮಾರು 30 ಕಿಲೋಮೀಟರ್ ದೂರದ ಸಂತ ಅನ್ನಮ್ಮನವರ ಬೋಪ್ರೆ ಪುಣ್ಯಕ್ಷೇತ್ರದಲ್ಲಿದ್ದೆವು. ಅಲ್ಲಿ ಮೊದಲ ಗುಡಿ ಕಟ್ಟಲಾರಂಭಿಸಿದ್ದು 1658ರಲ್ಲಿ. 1922ರ ಬೆಂಕಿಯ ನಂತರ ಎದ್ದು ನಿಂತುದು ಈಗಿನ ಮಹಾದೇವಾಲಯ. ಬಾಗಿಲ ಬಳಿಯ ಕಂಬಗಳ ತುಂಬ ಗುಣಹೊಂದಿದವರು ಬಿಟ್ಟುಹೋದ ಊರುಗೋಲುಗಳು. ಯಾತ್ರಿಕರಲ್ಲಿ ಕೆನಡಾದ ಮೂಲನಿವಾಸಿಗಳೂ ಇದ್ದರು. ಅವರ ಚರಿತ್ರೆಯನ್ನು ನಾವು ಕಥೋಲಿಕರು ತಿಳಿಯದೆ ಇರುವುದು ಸಲ್ಲದು. ಒಂದು ಶತಮಾನಕ್ಕೂ ಹೆಚ್ಚು ಕಾಲ ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಮನೆಗಳಿಂದ ಬೇರ್ಪಡಿಸಿ ವಸತಿ ಶಾಲೆಗಳಿಗೆ ಸೇರಿಸಲಾಯಿತು. ಅವುಗಳಲ್ಲಿ ಬಹುಪಾಲು ಶಾಲೆಗಳನ್ನು ನಡೆಸಿದವರು ನಮ್ಮ ಧರ್ಮಸಭೆಯವರು. ತಾಯ್ನುಡಿಯಾಡಿದರೆ ಅಲ್ಲಿ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು; ಅಜ್ಜಿಯ ಮಾತು ಮೊಮ್ಮಗುವಿಗೆ ತಿಳಿಯದಂತಾಯಿತು. ಪೋಪ್ ಫ್ರಾನ್ಸಿಸರು 2022ರ ಜುಲೈ 25ರಂದು ಅವರ ನೆಲದಲ್ಲೇ ನಿಂತು ಕ್ಷಮೆ ಯಾಚಿಸಿದರು. ಮರುದಿನ ಎಡ್ಮಂಟನ್ ನಗರದ ಬಲಿಪೂಜೆಯಲ್ಲಿ ಅಜ್ಜ ಅಜ್ಜಿಯರ ಕುರಿತೇ ಪ್ರಬೋಧನೆ ನೀಡಿದರು, 28ರಂದು ಈ ಬೋಪ್ರೆಯಲ್ಲಿ ಪೂಜೆ ಅರ್ಪಿಸಿದರು. ಇದನ್ನೆಲ್ಲ ಹೇಳಿದಾಗ ಅಮ್ಮ ಏನೂ ಮಾತನಾಡಲಿಲ್ಲ. ಮಗುವನ್ನು ಹತ್ತಿರ ಕರೆದು ನಮೋ ಮರಿಯ ಹೇಳಿಸಿದರು.

ಕನ್ನಡ ಬಲಿಪೂಜೆ ನಮ್ಮ ಧರ್ಮಕೇಂದ್ರದಲ್ಲಿಲ್ಲ. ಅಮ್ಮನಿಗೆ ಇದರಿಂದ ಬೇಸರವಾದೀತೆಂದು ನಾವು ಭಾವಿಸಿದ್ದೆವು. ಆದರೆ ಅವರ ಬಾಲ್ಯದ ಪೂಜೆಯೆಲ್ಲ ಲತೀನ್ ಭಾಷೆಯಲ್ಲಿ ನಡೆದದ್ದು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರವೇ ಕನ್ನಡ ಪೂಜಾಪೀಠಕ್ಕೆ ಬಂದುದು. ಮಾತು ತಿಳಿಯದಿದ್ದರೂ ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು, ಗಂಟೆ ಏಕೆ ಬಾರಿಸಿತು ಎಂಬುದೆಲ್ಲ ಅವರಿಗೆ ಕರತಲಾಮಲಕ. ಅಕ್ಟೋಬರಿನ ಜಪಮಾಲೆಯ ತಿಂಗಳಿನಲ್ಲಿ ಒಬ್ಬ ಪೋರ್ಚುಗೀಸ್ ವೃದ್ಧೆ ಅವರಿಗೆ ಜೊತೆಯಾದರು. ಆಕೆ ಮಂತ್ರದ ಮೊದಲರ್ಧವನ್ನು ತಮ್ಮ ಭಾಷೆಯಲ್ಲಿ ಹೇಳುವುದು, ಅಮ್ಮ ಉತ್ತರಾರ್ಧವನ್ನು ಕನ್ನಡದಲ್ಲಿ ಹೇಳುವುದು, ಹೀಗೆ ಐದು ದಶಕಗಳೂ ಸಾಗುತ್ತಿದ್ದವು. ಇಬ್ಬರ ನಡುವೆ ಬೇರೆ ಯಾವ ಮಾತೂ ಸಾಧ್ಯವಿರಲಿಲ್ಲ. ಸೆಪ್ಟೆಂಬರಿನಿಂದ ಮಗು ಕಥೋಲಿಕ ಶಾಲೆಯ ಶಿಶುವರ್ಗಕ್ಕೆ ಸೇರಿತು. ಒಂಟಾರಿಯೊದಲ್ಲಿ ಕಥೋಲಿಕ ಶಾಲೆಗಳೂ ಸರ್ಕಾರದ ಹಣದಿಂದಲೇ ನಡೆಯುತ್ತವೆ, ಶುಲ್ಕವಿಲ್ಲ ಎಂದಾಗ, ಊರಿನಲ್ಲಿ ದೇಣಿಗೆ ಕಟ್ಟಿ ಆರು ಮಕ್ಕಳನ್ನು ಓದಿಸಿದ ಅಮ್ಮ ಅದನ್ನು ನಂಬಲಿಲ್ಲ.

ಶಾಲೆ ಆರಂಭವಾದ ಮೇಲೆ ನಾವು ಅಮ್ಮನಲ್ಲಿ ಒಂದು ವಿನಂತಿ ಮಾಡಿದೆವು. ವೀಸಾ ಇದೆ, ವಿಮೆ ಮೇ ತಿಂಗಳವರೆಗೆ ಇದೆ, ಚಳಿಗೆ ಬೇಕಾದ ಉಡುಪುಗಳಿವೆ. ಕ್ರಿಸ್ತಜಯಂತಿ ಮುಗಿಸಿಯೇ ಹೋಗಬಹುದಲ್ಲ ಎಂದು. ಅಮ್ಮ ಮೂರು ದಿನ ಉತ್ತರಿಸಲಿಲ್ಲ. ನಾಲ್ಕನೆಯ ದಿನ, ನವೆಂಬರ್ 2ರಂದು ಮೃತರ ಹಬ್ಬ, ಅಪ್ಪನ ಗೋರಿಯ ಹುಲ್ಲು ಕಿತ್ತು ಮೇಣದ ಬತ್ತಿ ಹಚ್ಚುವವರಾರು ಎಂದರು. ಊರಿನಲ್ಲಿ ಮಾಡುವವರಿದ್ದಾರೆ ಎಂದು ನಾವು ಹೇಳಿದೆವು. "ಇದ್ದಾರೆ. ಮಣ್ಣಿಗೆ ಇಟ್ಟ ದಿನವೂ ಅವರೇ ಇದ್ದರು" ಎಂದರು. ಆ ಮೇಲೆ ನಾವು ಒತ್ತಾಯಿಸಲಿಲ್ಲ. ಮಗುವಿಗೆ ತಿಳಿಸುವ ಕೆಲಸವನ್ನೂ ಅಮ್ಮನೇ ವಹಿಸಿಕೊಂಡರು. ಅಜ್ಜನಿಗೆ ದೀಪ ಹಚ್ಚಿ ಬರುತ್ತೇನೆ ಎಂದರು. ಬರುತ್ತೇನೆ ಎಂಬುದನ್ನು ಮಗು ಆ ಸಂಜೆಗೇ ಎಂದು ತಿಳಿದುಕೊಂಡಿತು. ವಿಮಾನ ನಿಲ್ದಾಣದಿಂದ ಹಿಂತಿರುಗಿದ ರಾತ್ರಿಯೂ, ಮರುರಾತ್ರಿಯೂ ಬಾಗಿಲ ಬಳಿ ಅಜ್ಜಿಯ ಚಪ್ಪಲಿ ಹುಡುಕಿತು.

ಮೃತರ ಹಬ್ಬದ ಬೆಳಿಗ್ಗೆ ಊರಿನಲ್ಲಿ ಎಂಟು ಗಂಟೆಯಾದಾಗ ಇಲ್ಲಿ ಹಿಂದಿನ ದಿನದ ರಾತ್ರಿ ಹತ್ತೂವರೆ. ಮಗುವನ್ನು ಎಚ್ಚರವಿಟ್ಟು ಫೋನಿನ ಮುಂದೆ ಕೂರಿಸಿದೆವು. ಬೋಪ್ರೆಯಿಂದ ಒಯ್ದ ಮೇಣದ ಬತ್ತಿಯನ್ನು ಅಮ್ಮ ಅಪ್ಪನ ಗೋರಿಯ ಮೇಲೆ ಹಚ್ಚಿದರು. ಗಾಳಿಗೆ ಅದು ಎರಡು ಬಾರಿ ಆರಿತು. "ಕೈ ಅಡ್ಡ ಇಡಜ್ಜಿ" ಎಂದು ಮಗು ಇಲ್ಲಿಂದ ಕೂಗಿತು.

ಆ ನಂತರ ಅಮ್ಮ ಮತ್ತೆ ಬಂದಿಲ್ಲ. 2025ರಲ್ಲಿ ಮೊಣಕಾಲು ನೋವು ಹೆಚ್ಚಾಗಿ ಅವರು ಹೊರಡಲಾಗಲಿಲ್ಲ. ಶಾಲೆಯ ಬೇಸಿಗೆ ರಜೆಯಲ್ಲಿ ನಾವೇ ಊರಿಗೆ ಹೋಗಿ ಬಂದೆವು. ವೀಸಾದ ಅವಧಿ ಇನ್ನೂ ಉಳಿದಿದೆ. ವಯಸ್ಸು ಏರಿದಂತೆ ವಿಮೆಯ ಕಂತೂ ಏರುತ್ತದೆ. ರಾಗಿ ಕಣ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದಿದ್ದಾರೆ.